ಕದ ಹಾಕುವ ಮೊದಲು

ಕಾಲಿಗೆ ಕಟ್ಟಿದ ಪಟ್ಟಿ: ‘ಬೇಬಿ ಆಫ್ ನಾಗವೇಣಿ’.
ಹನ್ನೊಂದು ದಿನ. ಸೊಂಟದ ಕೆಳಗೊಂದು ಗುಳಿ,
ಸುತ್ತ ಮುಸುಕಿನ ಜೋಳಕ್ಕಿರುವಂಥ ಕೂದಲು.
‘ಅದೃಷ್ಟದ ಗುರುತು’ ಅಂದಳು ಅಜ್ಜಿ.
ಕಲಾಸಿಪಾಳ್ಯದಿಂದ ಬಸ್ಸಿನಲ್ಲಿ ಬಂದ ಅವಳ ಫ್ಲಾಸ್ಕಿನ ನೀರಿಗೇ
ಜೆಲ್ಲಿನ ಬಾಟಲಿ ಅದ್ದಿ ಬೆಚ್ಚಗೆ ಮಾಡಿದೆ.

ಬೆನ್ನೆಲುಬು ಇನ್ನೂ ಎಳಸು; ಮೂರು ತಿಂಗಳಾದರೆ
ಬಲಿತು ಕದ ಹಾಕಿಕೊಳ್ಳುತ್ತದೆ.
ಈಗ ಶಬ್ದವನ್ನು ಒಳಗೆ ಬಿಡುತ್ತದೆ.
ಬಾಲದೆಲುಬಿನಿಂದ ಮೇಲಕ್ಕೆ ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.

ಬನ್ನೇರುಘಟ್ಟ ರಸ್ತೆಯ ಮೆಟ್ರೋ ಕೊರೆತಕ್ಕೆ
ಕಿಟಕಿ, ಮೇಜು, ನನ್ನ ಆರಿದ ಕಾಫಿ, ಎಲ್ಲ ನಡುಗುತ್ತಿವೆ.
ಉಸಿರುಸಿರಿಗೂ ತೂಗಬೇಕಾದ ಹುರಿ
ತುಂಬ ಕೆಳಗಿಳಿದು, ಬಿಗಿದು, ಸುಮ್ಮನಿದೆ.

‘ಏನು ಕಾಣ್ತು ಮೇಡಂ?’

ಅಷ್ಟರಲ್ಲಿ ಎಡಗಾಲು ಜಾಡಿಸಿ
ನನ್ನ ಮಣಿಕಟ್ಟಿಗೆ ಒದೆಯಿತು ಮಗು.
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ.