ಕಾಟಾ

ನನ್ನ ಹೆಸರು ಸತ್ಯಮಿತ್ರ. ನಗಬೇಡಿ.
ದೀಕ್ಷಾಸ್ನಾನದ ದಿನ ಅಪ್ಪ ಇಟ್ಟದ್ದು, ತುಂಬು ನಂಬಿಕೆಯಿಂದ.

ತೀರ್ಥಹಳ್ಳಿ ರಸ್ತೆಯಲ್ಲಿ, ಸಾಮಿಲ್ಲು ದಾಟಿದ ಮೇಲೆ ಎಡಕ್ಕೆ
ಲಾರಿ ತೂಗುವ ಕಾಟಾ. ಹನ್ನೊಂದು ವರ್ಷ
ಅದರ ಕಿಟಕಿಯ ಹಿಂದೆ ಕೂತವನು ನಾನು.
ತುಂಗೆಯ ಮರಳು ಹೊತ್ತು ಲಾರಿ ಹತ್ತುತ್ತಿತ್ತು,
ಕಬ್ಬಿಣದ ಹಲಗೆ ಒಮ್ಮೆ ನರಳುತ್ತಿತ್ತು,
ಕೆಂಪು ಅಂಕಿ ಓಡಿ ಓಡಿ ನಿಲ್ಲುತ್ತಿತ್ತು
ನಾನು ಹೇಳಿದ ಜಾಗದಲ್ಲಿ.

ಮೂರು ಟನ್ ಕಡಿಮೆ. ಅಷ್ಟೇ.
ಒಂದು ಸ್ಕ್ರೂ, ಕಾಲು ತಿರುವು.
ಲಾರಿಗೆ ಇನ್ನೂರು, ಚೀಟಿಯ ಕೆಳಗೆ ಮಡಚಿ,
ಡ್ರೈವರನ ಬೆವರಿಗೆ ಮೆತ್ತಗಾದದ್ದು.

ಭಾನುವಾರ ತಪ್ಪಿಸಿದವನಲ್ಲ.
ದಶಮಾಂಶ ಕೊಟ್ಟಿದ್ದೇನೆ; ಆ ಇನ್ನೂರರದ್ದೂ
ಇಪ್ಪತ್ತು, ಲೆಕ್ಕ ಹಾಕಿ.
ದೇವಸಹಾಯಂ ಅಯ್ಯನವರು ಪೀಠಕ್ಕೆ ಕೈ ಬಡಿದು
ಭಕ್ತಿಹೀನರ ಗತಿ ಏನು ಎಂದು ಕೇಳಿದಾಗ
ಮನಸ್ಸಿನಲ್ಲೇ ನಾನು ಬಾರಿನ ಮುಂದಿನ ಬೈಕುಗಳನ್ನು ಎಣಿಸಿದೆ,
ಕ್ರಿಸ್‌ಮಸ್ಸಿಗೆ ಮಾತ್ರ ಮುಖ ತೋರಿಸುವ ಭಾವಮೈದುನನನ್ನೂ ಸೇರಿಸಿದೆ.
ಬೀಳಲಿ ಬೆಂಕಿ ಅವರ ಮೇಲೆ, ಸ್ವಲ್ಪ ದೂರದಲ್ಲಿ,
ನಮ್ಮ ಬೀದಿಗೆ ಕಾವು ತಟ್ಟದಷ್ಟು.

ಅವ್ವ ಮಾತ್ರ ಒಂದು ಸಲ, ಹಿತ್ತಿಲ ಬಾಗಿಲಲ್ಲಿ
ಮೊರ ಹಿಡಿದು ಕೇರುತ್ತ ಅಂದಿದ್ದಳು:
ಹೊಟ್ಟಿಗೆ ಗೊತ್ತಿರಲ್ಲ ಮಗಾ, ತಾನು ಹೊಟ್ಟು ಅಂತ.
ಗಾಳಿ ಬರೋ ತನಕ ಕಾಳಿನ ಜೊತೆಗೇ ಇರುತ್ತೆ,
ಕಾಳಿಗಿಂತ ಮೇಲೇ ಕೂತಿರುತ್ತೆ.

ಬೆಂಕಿ ಬರಲಿಲ್ಲ.
ಅಧಿಕಾರಿಗಳು ಬಂದರು, ಚಹಾ ಕುಡಿದು ಹೋದರು.
ಮೇ ತಿಂಗಳ ಒಂದು ಮಧ್ಯಾಹ್ನ
ಬೆಸ್ತರ ಗಾಮಪ್ಪನ ಮಗ ಹಾಲೇಶ, ಒಂಬತ್ತು ವರ್ಷ,
ಚಿಪ್ಪು ಹೆಕ್ಕಲು ಹೊಳೆಗಿಳಿದ.
ಹೋದ ವರ್ಷ ಮೊಣಕಾಲುದ್ದ ಇದ್ದ ಜಾಗ.
ಹೊಳೆಯನ್ನು ನಂಬಿದ್ದ.
ಮರಳಿದ್ದಲ್ಲಿ ಮರಳಿರಲಿಲ್ಲ; ನೀರಿತ್ತು,
ಎರಡಾಳು, ಹಸಿರಾಗಿ, ಸುಮ್ಮನೆ.

ದಡದ ಮೇಲೆ ಅವನ ಎಣ್ಣೆಡಬ್ಬ, ಅರ್ಧ ತುಂಬಿದ್ದು.
ಗಾಮಪ್ಪ ಯಾರನ್ನೂ ಬೈಯಲಿಲ್ಲ. ನನ್ನ ಕೈ ಹಿಡಿದು
"ಸತ್ಯಣ್ಣ, ನೀವಾದ್ರೂ ಬಂದ್ರಲ್ಲ" ಅಂದ.

ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದರೆ
ಅದನ್ನು ಕರುಣೆ ಎನ್ನುತ್ತಿದ್ದೆ.
ಹನ್ನೊಂದು ವರ್ಷದ ಆ ಮೂರು ಮೂರು ಟನ್ನನ್ನು
ಯಾರೋ ಬರೆದಿಟ್ಟಿದ್ದರು ಹೊಳೆಯ ತಳದಲ್ಲಿ,
ಒಂದು ಲಾರಿಯನ್ನೂ ಬಿಡದೆ.
ಭಕ್ತಿಹೀನ ಅಂದರೆ ಪ್ರಾರ್ಥನೆ ಬಾರದವನು ಅಂದುಕೊಂಡಿದ್ದೆ.
ಅಲ್ಲ. ಕಾಟಾದ ಆಚೆ ಇನ್ನೊಂದು ಕಣ್ಣಿಲ್ಲವೆಂದು
ಸ್ಕ್ರೂ ತಿರುಗಿಸಿದ ಕೈ.
ಪ್ರಭುಭೋಜನದ ರೊಟ್ಟಿಗೂ ಚಾಚಿದ್ದು ಅದೇ ಕೈ.

ಆ ರಾತ್ರಿ ದೀಪ ಹಾಕದೆ, ಚಪ್ಪಲಿ ಬಿಟ್ಟು
ಹಲಗೆಯ ನಡುವೆ ಹೋಗಿ ನಿಂತೆ.
ಹಗಲಿನ ಕಾವು ಇನ್ನೂ ಕಬ್ಬಿಣದಲ್ಲಿತ್ತು.
ಕಿಟಕಿಯೊಳಗೆ ಕೆಂಪು ಅಂಕಿ.
ಐವತ್ತೆಂಟು ವರ್ಷ, ಎಂಬತ್ತು ಕೆಜಿ, ಅಷ್ಟೊಂದು ಭಾನುವಾರಗಳು,
ಅಪ್ಪನ ನಂಬಿಕೆಯ ಆ ಹೆಸರು ಬೇರೆ.
ನಾನೇ ತಿದ್ದಿದ ಕಾಟಾ
ನನ್ನನ್ನು ಸೊನ್ನೆ ಎಂದಿತು.

ಇಳಿಯಲಿಲ್ಲ. ಇಳಿದು ಹೋಗುವುದೆಲ್ಲಿಗೆ?
ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು, ತೊಡೆಗೆ ಒತ್ತುತ್ತಿತ್ತು.
ಬೆಳಗಿನ ಮೊದಲ ಲಾರಿ ಹಾರನ್ ಹೊಡೆಯುವ ತನಕ
ಅಲ್ಲೇ ನಿಂತಿದ್ದೆ,
ಯಾರಾದರೂ ನನ್ನ ಚೀಟಿ ಹರಿದು ಕೊಡಲಿ ಎಂದು.