ಪರೀಕ್ಷೆಯಿಲ್ಲದ ಜೂನ್

ಮಾಸ್ಕೋದಿಂದ ಬಂದ ಸುತ್ತೋಲೆ ಒಂದೂವರೆ ಸಾಲು:
ಈ ವರ್ಷ ಇತಿಹಾಸದ ಪರೀಕ್ಷೆ ಇಲ್ಲ.
ಕಾರಣ ಬರೆದಿರಲಿಲ್ಲ. ಬೇಕಾಗಿಯೂ ಇರಲಿಲ್ಲ.
ಕುತೈಸಿಯ ನಮ್ಮ ಶಾಲೆಯಲ್ಲಿ ಮಕ್ಕಳು ಚೀಲ ತೂರಿ ಕುಣಿದರು.
ಗಣಿತದ ಎಲ್ಗುಜಾ ಕನ್ನಡಕ ಒರೆಸುತ್ತ ಅಂದ:
"ಲಮಾರಾ, ನನ್ನ ತ್ರಿಕೋನಗಳು ಇನ್ನೂ ತ್ರಿಕೋನಗಳೇ.
ನಿನ್ನ ಪಾಡು ಹೇಳು."

ಇಪ್ಪತ್ತೇಳು ವರ್ಷ ಕೆಂಪು ಶಾಯಿ ಹಿಡಿದ ಕೈ ಇದು.
ಪುಸ್ತಕದಲ್ಲಿದ್ದದ್ದು ಸರಿ, ಇಲ್ಲದ್ದು ತಪ್ಪು.
ಕಾಳಿನಲ್ಲಿ ಕಲ್ಲು ಆರಿಸಿದಷ್ಟು ಸಲೀಸು.

ಆ ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಒಟಿಯಾ.
ಕೊನೆಯ ಬೆಂಚು, ಒದ್ದೆ ಉಣ್ಣೆಯ ವಾಸನೆಯ ಹುಡುಗ.
ಪ್ರಶ್ನೆ: ನಮ್ಮ ನಾಡಿಗೆ ಕೆಂಪು ಸೇನೆ ಬಂದದ್ದು ಹೇಗೆ?
ಬರೆಯಬೇಕಾದದ್ದು: ಕಾರ್ಮಿಕರು ಬಂಡೆದ್ದು ನೆರವಿಗೆ ಕರೆದರು.
ಅವನು ಬರೆದದ್ದು:
"ಯಾರೂ ಕರೆದಿರಲಿಲ್ಲ. ಹಿಮ ಬೀಳುತ್ತಿತ್ತು.
ಅಜ್ಜಿ ಹಸುವಿನ ಬಾಯಿಗೆ ಬಟ್ಟೆ ಕಟ್ಟಿ
ನೆಲಮಾಳಿಗೆಯಲ್ಲಿ ಮೂರು ದಿನ ಬಚ್ಚಿಟ್ಟಳು."
ಐದಕ್ಕೆ ಎರಡು ಕೊಟ್ಟೆ. ಅಂಚಿನಲ್ಲಿ ಗೀಚಿದೆ:
ಹಸು ಇಲ್ಲಿ ಅಪ್ರಸ್ತುತ.
ಆಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದೆ,
ಅವನ ಒಳಿತಿಗೇ ಅಂದುಕೊಂಡು.
ಇದನ್ನು ಯಾರಿಗೂ ಹೇಳಿಲ್ಲ.
ಮೊರದಲ್ಲಿ ನಾನು ಉಳಿಸಿಕೊಂಡದ್ದು ಕಲ್ಲನ್ನೇ ಇರಬೇಕು.

ಭಾನುವಾರ ಹೋದೆ, ಲಾರಿ ಕಾರ್ಖಾನೆಯ ಹಿಂದಿನ ಕೇರಿಗೆ.
ತಲೆ ಬೋಳಾಗಿದೆ, ಮೊಣಕೈವರೆಗೆ ಗ್ರೀಸು.
ನನ್ನ ಕಂಡವನೇ ಎದ್ದು ನಿಂತ,
ಈಗಲೂ ಕೊನೆಯ ಬೆಂಚಿನಿಂದ ಎದ್ದ ಹಾಗೆ.
ತೊದಲುತ್ತ ಹೇಳಿದೆ. ಶಾಲೆಯ ಅಟ್ಟದಿಂದ ಇಳಿಸಿದ ಅಂಕಪಟ್ಟಿ ಬಿಡಿಸಿ
ಎರಡನ್ನು ಹೊಡೆದು ಐದು ಮಾಡಿದ್ದು ತೋರಿಸಿದೆ.

ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.
"ಟೀಚರ್, ನಾನು ಪುಸ್ತಕ ತೆರೆದೇ ಇರಲಿಲ್ಲ!
ಹಿಂದಿನ ದಿನವೆಲ್ಲ ರಿಯೋನಿ ಹೊಳೆಯಲ್ಲಿ ಮೀನು ಹಿಡಿದಿದ್ದೆ.
ಏನೋ ಒಂದು ಬರೆಯಬೇಕಿತ್ತಲ್ಲ,
ಅಜ್ಜಿ ಹೇಳಿದ್ದು ಬರೆದೆ. ಎರಡು ನ್ಯಾಯವೇ."
ಗ್ರೀಸಿನ ಬೆರಳು ತಾಗದಂತೆ
ಪಟ್ಟಿಯನ್ನು ಮೊಣಕೈಯಿಂದ ನನ್ನತ್ತ ತಳ್ಳಿದ.
ಸ್ವಲ್ಪ ಹೊತ್ತು ಬಿಟ್ಟು:
"ಹಸು ಬದುಕಿತಾ ಅಂತ ಮಾತ್ರ ನೀವು ಕೇಳಲೇ ಇಲ್ಲ."

ಕೇಳಿದೆ.
ಸ್ಟೂಲು ಎಳೆದು ಹಾಕಿದ. "ಕೂತ್ಕೊಳ್ಳಿ, ಉದ್ದದ ಕತೆ."

ಸೆಪ್ಟೆಂಬರಿನಲ್ಲಿ ಹೊಸ ಪುಸ್ತಕ ಇನ್ನೂ ಬಂದಿರಲಿಲ್ಲ.
ಅಚ್ಚಾಗುತ್ತಿದೆಯಂತೆ. ಅಚ್ಚಾದದ್ದನ್ನು ತಿದ್ದುತ್ತಿದ್ದಾರಂತೆ.
ಮಕ್ಕಳಿಗೆ ಹೇಳಿದೆ: ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದು ತನ್ನಿ.
ತೆಳ್ಳಗಿನ ಜಡೆಯ ಮ್ಜಿಯಾ ಕೈಯೆತ್ತಿದಳು:
"ನಮ್ಮ ಮುತ್ತಜ್ಜಿ ಆ ಸೈನಿಕರಿಗೆ ರೊಟ್ಟಿ ಸುಟ್ಟು ಕೊಟ್ಟಿದ್ದಳಂತೆ.
ಖುಷಿಯಿಂದಲೇ ಅಂತೆ. ಅದನ್ನೂ ಬರೆಯಬಹುದಾ?"

ಒಂದು ಕ್ಷಣ ಒಟಿಯಾನ ನೆಲಮಾಳಿಗೆಯಲ್ಲಿ
ಬಾಯಿ ಕಟ್ಟಿಸಿಕೊಂಡ ಹಸುವಿನಂತೆ ನಿಂತೆ.
ಬರೆ, ಎಂದೆ.
ಮೇಜಿನ ಮೇಲೆ ಕೆಂಪು ಶಾಯಿಯ ಬಾಟಲಿ,
ಮುಚ್ಚಳ ಒಣಗಿ ಅಂಟಿಕೊಂಡಿತ್ತು.