ಹಿಂದೆ ಕತ್ತಲಿರಬೇಕು

ಮಂಡಿಪೇಟೆಯ ದಾದಾಪೀರ್ ತೋರಿಸಿದ ಅಕ್ರಿಲಿಕ್ ಅಗ್ಗವೇ,
ಆದರೆ ಬೆರಳು ಒತ್ತಿದ್ದೇ ತಡ
ನನ್ನ ದವಡೆ ಸೊಟ್ಟಗಾಗಿ ನಕ್ಕಿತು.
ಕಾರಿನ ಫಿಲ್ಮನ್ನು ಹೋದವಾರವೇ ಮೆತ್ತಿ ನೋಡಿದ್ದೆ:
ಸೋಪುನೀರು ಹಾಕಿ ಎಷ್ಟು ಒರೆಸಿದರೂ
ಹಣೆಯ ಮೇಲೊಂದು ಗುಳ್ಳೆ, ಬೊಟ್ಟಿನ ಹಾಗೆ.

ಕೊನೆಯ ಗಾಜು ಮುಟ್ಟುವ ಮುಂಚೆ
ಅವನು ಕೈ ಒರೆಸಿಕೊಂಡ.
"ಬಂದ ಬೆಳಕು ಪಾಲು ಮಾಡ್ತೈತಿ ಅಕ್ಕಾ,
ಒಂದಿಷ್ಟು ವಾಪಸ್, ಒಂದಿಷ್ಟು ಆಚೆ.
ಹಿಂದೆ ಮಾತ್ರ ಗಟ್ಟಿ ಕತ್ತಲಿರಬೇಕು.
ಇಲ್ಲಾಂದ್ರ ಬರೀ ಕಿಟಕಿ."

ರೇಟು ಕೇಳಿ ಚೂರು ಹೊತ್ತು
ರಸ್ತೆಯ ಮೆಣಸಿನಕಾಯಿ ಘಾಟಿಗೆ ಕೆಮ್ಮಿದೆ.
ಆಮೇಲೆ ಒಂದೂವರೆ ಅಡಿ ಕೊಯ್ಯಲು ಹೇಳಿದೆ.

ಕತ್ತಲಿಗೆ ಅಪ್ಪನ ಕೋರ್ಟಿನ ಕರಿಕೋಟು ಬಿಚ್ಚಿದೆ.
ಜೇಬಿನಲ್ಲಿ ಒಂದು ಗುಂಡುಪಿನ್ನು, ಇನ್ನೂ ಚೂಪು.
ಬೆನ್ನಿನ ಬಟ್ಟೆ ಪರದೆಯ ಹಿಂದೆ
ಅಳೆದು ಹೊಲಿದಂತೆ ಕೂತಿತು.

ಕಿವಿ ಕೇಳದ ತಂಗಿ ಮೃಣಾಲಿ
ಬಾಯಲ್ಲಿ ರಬ್ಬರ್‌ಬ್ಯಾಂಡು ಕಚ್ಚಿ ಎದುರು ನಿಂತಳು.
ನಾನು ಹೊರಗೆ ಹೋಗಿ ಬೆಲ್ ಒತ್ತಿದೆ.

ಅವಳ ಕೆನ್ನೆಯ ಮೇಲೆ ಬೆಳ್ಳಗೆ ಎದ್ದಿತಂತೆ:
ಬಾಗಿಲಲ್ಲಿ ಯಾರೋ.

ಓದಿದಳಂತೆ.
ಜಡೆ ಪೂರ್ತಿ ಹೆಣೆದು,
ತಿರುಗಿಸಿ ನೋಡಿ,
ಆಮೇಲೆ ಬಂದು ಚಿಲಕ ತೆಗೆದಳು.